ಮಂಡ್ಯದ ನಮ್ಮ ಕಾಲೇಜು ಲೈಬ್ರರಿ: ಓದೋರಿಗೆ, ಸಂಶೋಧನೆ ಮಾಡೋರಿಗೆ ಹೇಗಿದೆ?

ಮಂಡ್ಯದಲ್ಲಿ ಪಿಎಚ್‌ಡಿಗೆ ಸೇರಿದವರು ಪುಸ್ತಕ ಬೇಕು ಅಂದ ತಕ್ಷಣ ಮೈಸೂರು ಬಸ್ಸು ಹತ್ತುತ್ತಾರೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಹತ್ತಿರದಲ್ಲೇ ಇರುವಾಗ ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿ ಏನಿರುತ್ತೆ ಅಂತ ನನ್ನನ್ನೂ ಎಷ್ಟೋ ಜನ ಕೇಳಿದ್ದಾರೆ. ನಾನು ಇತಿಹಾಸ ಪಾಠ ಮಾಡುತ್ತೇನೆ, ಜೊತೆಗೆ ಈ ಜಿಲ್ಲೆಯ ಆಲೆಮನೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ನನ್ನ ಅರ್ಧ ಕೆಲಸ ಮುಗಿದಿದ್ದು ನಮ್ಮ ಕಾಲೇಜಿನ ಲೈಬ್ರರಿಯಲ್ಲೇ. ಹೊಸದಾಗಿ ಸೇರಿದವರಿಗೂ ಹೊರಗಿನಿಂದ ಬರುವವರಿಗೂ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಳಗೆ ಹೋದರೆ ಮೊದಲು ಕೌಂಟರ್ ಮೇಲಿರುವ ನೀಲಿ ರಟ್ಟಿನ ಉದ್ದನೆ ನೋಟ್‌ಬುಕ್ ನೋಡಿ. ಕೇಳಿದ ಪುಸ್ತಕ ಇಲ್ಲದಿದ್ದರೆ ಇಲ್ಲಿ ಸುಮ್ನೆ ವಾಪಸ್ ಕಳಿಸುವುದಿಲ್ಲ, ಆ ನೋಟ್‌ಬುಕ್‌ನಲ್ಲಿ ಬರೆಸುತ್ತಾರೆ. ತಾರೀಖು, ತರಗತಿ, ಯಾವ ಪುಸ್ತಕ, ಯಾಕೆ ಬೇಕು. ಕೊನೆಯ ಕಾಲಂ ಲೈಬ್ರರಿಯನ್ ಮೇಡಂ ಅವರದು, ಕೆಂಪು ಇಂಕಿನಲ್ಲಿ. ‘ಆರ್ಡರ್ ಹೋಗಿದೆ’, ‘ಈಗ ಮುದ್ರಣದಲ್ಲಿಲ್ಲ, ಬಂದು ಕೇಳಿ’, ‘ಶೋಧಗಂಗಾದಲ್ಲಿದೆ, ತೋರಿಸುತ್ತೇನೆ’ (ಶೋಧಗಂಗಾ ಅಂದರೆ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹ). ಒಂದು ಪುಟದಲ್ಲಿ ಬಿ.ಕಾಂ ಹುಡುಗಿಯೊಬ್ಬಳು ‘ಜಿಎಸ್‌ಟಿ, ಕನ್ನಡದಲ್ಲಿ, ಲೆಕ್ಕ ಬಿಡಿಸಿ ತೋರಿಸಿರೋದು’ ಅಂತ ಬರೆದಿದ್ದಳು. ಅದರ ಕೆಳಗೆ ಬೇರೆ ಬೇರೆ ಕೈಬರಹದಲ್ಲಿ ‘ನನಗೂ’, ‘ನನಗೂ ಬೇಕು’. ಮುಂದಿನ ಖರೀದಿಯಲ್ಲಿ ಅಂಥ ಪುಸ್ತಕದ ನಾಲ್ಕು ಪ್ರತಿ ಬಂದವು. ಈಗ ನಾಲ್ಕರ ಬೈಂಡಿಂಗೂ ಸಡಿಲವಾಗಿದೆ, ಅಷ್ಟು ಓಡಾಡಿವೆ.

ಇದು ಯಾಕೆ ದೊಡ್ಡ ವಿಷಯ ಅಂದರೆ, ಎಷ್ಟೋ ಕಾಲೇಜುಗಳಲ್ಲಿ ಪುಸ್ತಕ ಕೊಳ್ಳುವ ರೀತಿಯೇ ಬೇರೆ. ಹಣ ಬಿಡುಗಡೆ ಆಗುವುದು ವರ್ಷದ ಕೊನೆಗೆ. ಮಾರ್ಚ್ 31ರೊಳಗೆ ಬಿಲ್ ಪಾಸ್ ಆಗಬೇಕು. ಸಪ್ಲೈಯರ್ ಲಿಸ್ಟ್ ತರುತ್ತಾರೆ, ಯಾರು ಜಾಸ್ತಿ ಡಿಸ್ಕೌಂಟ್ ಕೊಡುತ್ತಾರೋ ಅವರ ಲಿಸ್ಟಿಗೆ ಸಹಿ ಬೀಳುತ್ತದೆ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನವರು ಬಂದಾಗ ತೋರಿಸಲು ಸಂಖ್ಯೆ ಸಿಗುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಹೊಸ ಪುಸ್ತಕಗಳ ಕಟ್ಟು ದಾರ ಬಿಚ್ಚದೆ ಮೆಟ್ಟಿಲ ಕೆಳಗೆ ಬಿದ್ದಿತ್ತು. ಅದನ್ನು ನೋಡಿದಾಗ ಆದ ಸಂಕಟ ಇನ್ನೂ ಹೋಗಿಲ್ಲ. ಇಲ್ಲಿ ಮೇಡಂ ಜುಲೈನಲ್ಲೇ ಎಲ್ಲ ವಿಭಾಗಗಳಿಂದ ಪಟ್ಟಿ ಕೇಳುತ್ತಾರೆ. ಅದರ ಪಕ್ಕದಲ್ಲಿ ಆ ನೋಟ್‌ಬುಕ್ ಇಟ್ಟುಕೊಂಡು ಕಮಿಟಿ ಮುಂದೆ ಕೂರುತ್ತಾರೆ.

ಸಂಶೋಧಕರು ನೋಡಬೇಕಾದ್ದು ಹಿಂಬದಿ ಗೋಡೆಯ ಕಪಾಟು. ಪುಸ್ತಕಗಳನ್ನು ವಿಷಯವಾರು ಜೋಡಿಸಲು ಬಳಸುವ ಡ್ಯೂಯಿ ನಂಬರ್ ಅಲ್ಲಿ 954.87, ಅಂದರೆ ಕರ್ನಾಟಕದ ಇತಿಹಾಸ. ಹಯವದನ ರಾವ್ ಸಂಪಾದಿಸಿದ ಮೈಸೂರು ಗೆಜೆಟಿಯರ್, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ದೊಡ್ಡ ಲೈಬ್ರರಿಗಳಲ್ಲೂ ಸಿಗುತ್ತವೆ. ಅವುಗಳ ಕೆಳಗಿನ ಸಾಲಿನಲ್ಲಿ ಇರುವುದು ಅಂಗಡಿಯಲ್ಲಿ ಸಿಗದ ಸರಕು. ಸಹಕಾರ ಸಂಘಗಳ ವಾರ್ಷಿಕ ವರದಿ, ತಾಲ್ಲೂಕು ಸಮ್ಮೇಳನಗಳ ಸ್ಮರಣ ಸಂಚಿಕೆ, ಊರಹಬ್ಬದ ಕರಪತ್ರ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮಂಡ್ಯದಲ್ಲಿ 1974, 1994 ಮತ್ತು 2024ರಲ್ಲಿ ನಡೆಯಿತಲ್ಲ, ಆಗ ಅಚ್ಚಾದ ಕಾಗದಪತ್ರಗಳಿಗೂ ಒಂದು ಡಬ್ಬ ಇದೆ. ಹೆಚ್ಚಿನವು ನಿವೃತ್ತ ಮೇಷ್ಟ್ರುಗಳು ಮನೆ ಖಾಲಿ ಮಾಡುವಾಗ ಕೊಟ್ಟಿದ್ದು. ದಾನವಾಗಿ ಬಂದದ್ದನ್ನೆಲ್ಲ ಮೇಡಂ ಇಟ್ಟುಕೊಳ್ಳುವುದಿಲ್ಲ. ಹಳೇ ಪರೀಕ್ಷಾ ಗೈಡುಗಳನ್ನು ಮುಲಾಜಿಲ್ಲದೆ ವಾಪಸ್ ಕಳಿಸುತ್ತಾರೆ. ಅದೂ ಸರಿ ಅಂತಲೇ ನನ್ನ ಅಭಿಪ್ರಾಯ.

ನಾಲೆ ನೀರು ಬರುವ ಮೊದಲು ಇಲ್ಲಿ ಕಬ್ಬು ಎಷ್ಟಿತ್ತು ಅಂತ ನಾನು ಹುಡುಕುತ್ತಿದ್ದೆ. ಕಂಪ್ಯೂಟರ್‌ನಲ್ಲಿ ಮಂಡ್ಯ ಜಿಲ್ಲೆ ಅಂತ ಹಾಕಿದರೆ ಏನೂ ಸಿಗುತ್ತಿರಲಿಲ್ಲ. ಮೇಡಂ ಬಂದು ಪರದೆ ನೋಡಿ, “ಜಿಲ್ಲೆ ಆಗಿದ್ದೇ 1939ರಲ್ಲಿ ಅಲ್ವಾ? ಅದಕ್ಕಿಂತ ಹಿಂದಿನದು ಮೈಸೂರು ಜಿಲ್ಲೆ ಅಂತ ಹುಡುಕಿ” ಅಂದರು. ಆಮೇಲೆ 1931ರ ಜನಗಣತಿ ಸಂಪುಟ ತೆಗೆದುಕೊಟ್ಟರು. 1933ರಲ್ಲಿ ಸಕ್ಕರೆ ಕಂಪನಿ ಶುರುವಾದ ಕಾಲದ ಸರ್ಕಾರಿ ಕಡತಗಳು ನಮ್ಮಲ್ಲಿಲ್ಲ ಅಂತ ಹೇಳಿ, ಮೈಸೂರಿನ ವಿಭಾಗೀಯ ಪತ್ರಾಗಾರಕ್ಕೆ ಪರಿಚಯ ಪತ್ರವನ್ನೂ ಬರೆದುಕೊಟ್ಟರು. ಎಲ್ಲಿ ಸಿಗುತ್ತೆ ಅಂತ ಗೊತ್ತಿರುವವರು ಒಬ್ಬರು ಇದ್ದರೆ ಚಿಕ್ಕ ಲೈಬ್ರರಿಯೂ ಸಾಕಾಗುತ್ತದೆ.

ಆನ್‌ಲೈನ್ ವಿಷಯ ಬಹಳ ವಿದ್ಯಾರ್ಥಿಗಳಿಗೆ ಗೊತ್ತೇ ಇಲ್ಲ. ಶೋಧಗಂಗಾಕ್ಕೆ ಪಾಸ್‌ವರ್ಡ್ ಬೇಡ, ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಯಾರು ಬೇಕಾದರೂ ಓದಬಹುದು. ಆದರೆ ಕನ್ನಡದ ಎಷ್ಟೋ ಪ್ರಬಂಧಗಳು ಅಲ್ಲಿ ಸ್ಕ್ಯಾನ್ ಮಾಡಿದ ಪುಟಗಳಾಗಿವೆ, ಒಳಗಿನ ಪದ ಹಾಕಿ ಹುಡುಕಿದರೆ ಸಿಗಲ್ಲ. ಪರಿವಿಡಿ ತೆರೆದೇ ನೋಡಬೇಕು. ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಇದೆ, ಸಂಶೋಧನಾ ಜರ್ನಲ್‌ಗಳಿಗೆ ಕೇಂದ್ರವೇ ಚಂದಾ ಕಟ್ಟುವ ಯೋಜನೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ನಮ್ಮಂಥ ಊರಿನ ಕಾಲೇಜು ಸ್ವಂತ ದುಡ್ಡಿನಲ್ಲಿ ಇಷ್ಟನ್ನು ತರಿಸುವ ಮಾತೇ ಇಲ್ಲ. ಲಾಗಿನ್ ಹೇಗೆ ಅಂತ ಮೇಡಂ ಪ್ರತಿ ಸೆಮಿಸ್ಟರ್ ಶುರುವಿನಲ್ಲಿ ತೋರಿಸುತ್ತಾರೆ, ತಪ್ಪಿಸಿಕೊಳ್ಳಬೇಡಿ. ಹಳೆಯ ಕನ್ನಡ ಪತ್ರಿಕೆಗಳಿಗೆ ಮಾತ್ರ ಬೈಂಡ್ ಮಾಡಿಟ್ಟ ಸಂಪುಟಗಳೇ ಗತಿ.

ಕೊರತೆಗಳೂ ಇವೆ. ಕಂಪ್ಯೂಟರ್ ಕ್ಯಾಟಲಾಗ್‌ನಲ್ಲಿ ಕನ್ನಡ ಪುಸ್ತಕಗಳ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ತುಂಬಿದ್ದಾರೆ, ಒಬ್ಬೊಬ್ಬರು ಒಂದೊಂದು ಸ್ಪೆಲಿಂಗ್‌ನಲ್ಲಿ. ಆಲೆಮನೆ ಅಂತ ಹುಡುಕಲು ಒಂದು ‘ಎ’, ಎರಡು ‘ಎ’, ಎರಡನ್ನೂ ಹಾಕಿ ನೋಡಬೇಕು. ಕಪಾಟಿನಲ್ಲಿ ಕಣ್ಣೆದುರಿಗೇ ಇರುವ ಪುಸ್ತಕ ಪರದೆಯಲ್ಲಿ ಸಿಗುವುದಿಲ್ಲ. ಈಗಿನ ತಂತ್ರಾಂಶ ಕನ್ನಡ ಲಿಪಿಯನ್ನು ತೆಗೆದುಕೊಳ್ಳುತ್ತದೆ. ಬೇಕಾಗಿರುವುದು ಕೂತು ತುಂಬುವ ಇಬ್ಬರು. ಕಾಲೇಜು ಇದಕ್ಕೆ ಜನ ಕೊಡಲೇಬೇಕು.

ಸಂಜೆ ಐದೂವರೆಗೆ ಬಾಗಿಲು ಹಾಕುವುದು ಇನ್ನೊಂದು ತೊಂದರೆ. ಕೊನೆ ಪೀರಿಯಡ್ ಮುಗಿಸಿ ಬರುವ ಹೊತ್ತಿಗೆ ಲೈಟ್ ಆರಿಸುತ್ತಿರುತ್ತಾರೆ. ರೀಡಿಂಗ್ ರೂಮಿನ ಕುರ್ಚಿಗಳು ಬೆಳಿಗ್ಗೆಯೇ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಂದ ತುಂಬುತ್ತವೆ. ಅವರಿಗೂ ಬೇರೆ ಜಾಗವಿಲ್ಲ, ಎಬ್ಬಿಸಿ ಅಂತ ನಾನು ಹೇಳುವುದಿಲ್ಲ. ಮೇಲಿನ ಹಾಲ್ ತೆರೆದರೆ ಇಬ್ಬರಿಗೂ ಅನುಕೂಲ.

ಹೊರಗಿನವರು ಬರುವುದಾದರೆ ಪಿಎಚ್‌ಡಿ ಗೈಡ್ ಅಥವಾ ಪ್ರಿನ್ಸಿಪಾಲರ ಪತ್ರ, ಐಡಿ ಕಾರ್ಡ್ ತನ್ನಿ. ಮನೆಗೆ ಪುಸ್ತಕ ಕೊಡುವುದಿಲ್ಲ, ಕೂತು ಓದಬಹುದು. ಹಿಂಬದಿ ಕಪಾಟಿನ ಹಳೇ ಕಾಗದಗಳನ್ನು ಜೆರಾಕ್ಸ್‌ಗೆ ಬಿಡುವುದಿಲ್ಲ, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬಹುದು. ಬೇಕಾದ್ದು ಸಿಗದಿದ್ದರೆ ನೀಲಿ ನೋಟ್‌ಬುಕ್‌ನಲ್ಲಿ ಬರೆದು, ಫೋನ್ ನಂಬರ್ ಕೊಟ್ಟು ಹೋಗಿ.