ದುಬಾರಿ ಮೆಕ್ಸಿಕನ್ ರೆಸ್ಟೋರೆಂಟಿನಲ್ಲಿ ಎರಡು ಸಂಜೆ: ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ

ಊರಿನಿಂದ ಬಂದ ಅಪ್ಪ-ಅಮ್ಮನನ್ನು ಹೊರಗೆ ಊಟಕ್ಕೆ ಎಲ್ಲಿಗೆ ಕರೆದೊಯ್ಯುವುದು ಎಂಬ ಮಾತು ಬಂದಾಗಲೆಲ್ಲ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತಲಿನ ನಮ್ಮವರಿಗೆ ಮೆಕ್ಸಿಕನ್ ಊಟ ಬೇಗನೆ ನೆನಪಾಗುತ್ತದೆ. ಅಲ್ಲಿ ಅನ್ನವಿದೆ, ಬೇಯಿಸಿದ ಕಾಳಿದೆ, ರೊಟ್ಟಿಯಂಥದ್ದಿದೆ, ಖಾರವಿದೆ, ಮೇಲೆ ಕೊತ್ತಂಬರಿ ಸೊಪ್ಪು ಮತ್ತು ನಿಂಬೆಹುಳಿಯೂ ಇವೆ. ಪಾಸ್ತಾ ಕಂಡರೆ ಮುಖ ಸಿಂಡರಿಸುವ ಹಿರಿಯರೂ ಇದನ್ನು ಬೇಡವೆನ್ನುವುದಿಲ್ಲ. ಇದೇ ಲೆಕ್ಕಾಚಾರದಲ್ಲಿ ನಾನು ಕಳೆದ ವರ್ಷ ಇಲ್ಲಿನ ಅತ್ಯಂತ ಅಂದದ, ಅಷ್ಟೇ ದುಬಾರಿಯಾದ ಒಂದು ಮೆಕ್ಸಿಕನ್ ರೆಸ್ಟೋರೆಂಟಿಗೆ ಎರಡು ಬಾರಿ ಹೋಗಿ ಎರಡೂ ಬಾರಿ ಪಶ್ಚಾತ್ತಾಪಪಟ್ಟೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದೇ ಅಚ್ಚಿನ ಜಾಗಗಳು ಒಂದಕ್ಕಿಂತ ಹೆಚ್ಚಿರುವುದರಿಂದ, ಅಲ್ಲಿ ನಡೆದದ್ದನ್ನು ತಿಳಿದುಕೊಂಡರೆ ಹೆಸರಿನ ಅಗತ್ಯವೂ ಬೀಳದು.

ಮೊದಲ ಸಲ ಹೋದದ್ದು ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ. ಮೇಜು ಕಾದಿರಿಸಲು ತಲೆಗೆ 25 ಡಾಲರ್ ಮುಂಗಡ ಕಟ್ಟಬೇಕಾಗಿತ್ತು. ಒಳಗೆ ಕಪ್ಪು ಗೋಡೆಗಳು, ತಾಮ್ರದ ದೀಪಗಳು, ಕುಂಡಗಳಲ್ಲಿ ಭೂತಾಳೆಯ ಜಾತಿಯ ಗಿಡಗಳು; ಪಟ ತೆಗೆಸಿಕೊಳ್ಳಲು ಒಂದು ಮೂಲೆಯನ್ನೇ ಅಣಿಗೊಳಿಸಿದ್ದರು. ಬೆಣ್ಣೆಹಣ್ಣು ಅರೆದು ಮಾಡುವ ಗ್ವಾಕಮೋಲೆಯನ್ನು ಮೇಜಿನ ಬಳಿಯೇ ತಯಾರಿಸುತ್ತೇವೆಂದು 24 ಡಾಲರಿಗೆ ಒಂದು ತಳ್ಳುಗಾಡಿ ಬಂತು. ಗಾಡಿಯ ಮೇಲೆ ಮೂರು ಕಾಲಿನ ಕರಿಕಲ್ಲಿನ ಒರಳಿತ್ತು. ಅದಕ್ಕೆ ಮೊಲ್ಕಹೇತೆ ಎಂದು ಹೆಸರು. ಮೆಕ್ಸಿಕೋದ ಅಡುಗೆಮನೆಗಳಲ್ಲಿ ಮೆಣಸಿನಕಾಯಿ, ಈರುಳ್ಳಿ, ಉಪ್ಪನ್ನು ಅದರಲ್ಲಿ ಅರೆದ ಮೇಲೆಯೇ ಬೆಣ್ಣೆಹಣ್ಣು ಹಾಕುತ್ತಾರೆ. ನಮ್ಮ ಮುಂದೆ ನಿಂತ ಯುವಕ ಮಾತ್ರ ಸ್ಟೀಲ್ ಡಬ್ಬಿಯಿಂದ ಮೊದಲೇ ಕಲಸಿಟ್ಟ ಹಸಿರು ಮುದ್ದೆಯನ್ನು ತೆಗೆದು ಒರಳಿಗೆ ಹಾಕಿ, ಗುಂಡನ್ನು ಎರಡು ಸುತ್ತು ತಿರುಗಿಸಿ, ಮೇಲೆ ದಾಳಿಂಬೆ ಕಾಳು ಉದುರಿಸಿ ನಕ್ಕ. ನಾವೂ ನಕ್ಕೆವು. ಆಗಲೇ ಎದ್ದು ಬರಬೇಕಿತ್ತು.

ನಿಜವಾದ ಆಘಾತ ಪಾನೀಯದಲ್ಲಿತ್ತು. ನನ್ನ ಹೆಂಡತಿ ಮದ್ಯವಿಲ್ಲದ, ಹುಣಸೆಹಣ್ಣಿನ ಒಂದು ಪಾನಕ ತರಿಸಿಕೊಂಡಿದ್ದಳು. ಲೋಟದ ಅಂಚಿಗೆ ಕೆಂಪು ಬಣ್ಣದ ಉಪ್ಪು ಮೆತ್ತಿತ್ತು. ಹುಳಿ, ಖಾರ, ಕೊನೆಗೆ ಸ್ವಲ್ಪ ಹೊಗೆಯ ವಾಸನೆ. ಚೆನ್ನಾಗಿದೆ ಎಂದು ಅವಳು ಅಂಚನ್ನೆಲ್ಲ ನೆಕ್ಕಿದಳು. ಇದೇನು ಉಪ್ಪು ಎಂದು ಕೇಳಿದ್ದಕ್ಕೆ ಪರಿಚಾರಕ ‘ನಮ್ಮ ಮನೆಯ ಉಪ್ಪು’ ಎಂದಷ್ಟೇ ಹೇಳಿದ. ಮೊಬೈಲ್ ದೀಪ ಹಾಕಿ ಮೆನುವಿನ ಸಣ್ಣ ಅಕ್ಷರಗಳನ್ನು ಓದಿದಾಗ ಅದು ‘ಸಾಲ್ ದೆ ಗುಸಾನೊ’ ಎಂದು ತಿಳಿಯಿತು. ಗುಸಾನೊ ಎಂದರೆ ಹುಳು. ಭೂತಾಳೆಯ ಜಾತಿಯ ಗಿಡದಲ್ಲಿ ಬೆಳೆಯುವ ಮರಿಹುಳುಗಳನ್ನು ಒಣಗಿಸಿ, ಹುರಿದು, ಮೆಣಸಿನಕಾಯಿ ಮತ್ತು ಉಪ್ಪಿನೊಡನೆ ಪುಡಿ ಮಾಡಿದ ಪದಾರ್ಥವದು. ಮೆಕ್ಸಿಕೋದ ವಾಹಾಕಾ ಪ್ರಾಂತದಲ್ಲಿ ಮೆಸ್ಕಾಲ್ ಎಂಬ ಮದ್ಯದ ಜೊತೆ ಕಿತ್ತಳೆ ಹೋಳಿನ ಮೇಲೆ ಉದುರಿಸಿ ತಿನ್ನುವುದು ಅಲ್ಲಿಯವರ ಹಳೆಯ ರೂಢಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಾವು ಕುಳಿತ ಕೂಡಲೇ ‘ಇಬ್ಬರೂ ಸಸ್ಯಾಹಾರಿಗಳು’ ಎಂದು ಹೇಳಿದ್ದೆವು, ಪರಿಚಾರಕ ಅದನ್ನು ಬರೆದುಕೊಂಡೂ ಇದ್ದ. ಅವಳು ಆ ಸಂಜೆ ಮತ್ತೇನನ್ನೂ ಮುಟ್ಟಲಿಲ್ಲ.

ಮ್ಯಾನೇಜರ್ ಬಹಳ ನಯವಾಗಿ ಕ್ಷಮೆ ಕೇಳಿ, ಮುಂದಿನ ಸಲ ಮೊದಲೇ ತಿಳಿಸಿದರೆ ಅಡುಗೆಮನೆಯೇ ವಿಶೇಷ ಕಾಳಜಿ ವಹಿಸುತ್ತದೆ ಎಂದರು. ನಂಬಿದೆ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಬೇಸಿಗೆಯಲ್ಲಿ ಧಾರವಾಡದಿಂದ ಅಪ್ಪ-ಅಮ್ಮ ಬಂದರು. ಎರಡು ದಿನ ಮೊದಲೇ ಫೋನ್ ಮಾಡಿ ಮಾಂಸ, ಮೊಟ್ಟೆ, ಹಂದಿಯ ಕೊಬ್ಬು, ಕೋಳಿಯ ಸಾರು ಯಾವುದೂ ಇರಕೂಡದು ಎಂದು ಒಂದೊಂದಾಗಿ ಹೇಳಿದೆ. ‘ಖಂಡಿತ’ ಎಂಬ ಉತ್ತರ ಬಂತು. ಅಂದು ಮೆನುವಿನ ಮೊದಲ ಪುಟವನ್ನು ಅಪ್ಪನಿಗೆ ಓದಿ ಹೇಳಿದ್ದು ನೆನಪಿದೆ. ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆ 2010ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ್ದನ್ನು ಅಲ್ಲಿ ಬಂಗಾರದ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದರು. ಆ ಮನ್ನಣೆಯ ವಿವರಣೆಯಲ್ಲೇ ಹೆಸರಿಸಿರುವ ಕ್ರಮವೊಂದಿದೆ: ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು, ಹಸಿಯಾಗಿಯೇ ಕಲ್ಲಿನಲ್ಲಿ ಅರೆದು ಹಿಟ್ಟು ಮಾಡುವುದು. ಎಲೆ-ಅಡಿಕೆಗೆ ಹಚ್ಚುವ ಅದೇ ಸುಣ್ಣ ಮೆಕ್ಕೆಜೋಳದ ರುಚಿಯನ್ನು ಬದಲಿಸುವುದಲ್ಲದೆ ಅದರಲ್ಲಿನ ನಯಾಸಿನ್ ಎಂಬ ಪೋಷಕಾಂಶವನ್ನು ದೇಹಕ್ಕೆ ದಕ್ಕುವಂತೆಯೂ ಮಾಡುತ್ತದೆ. ಆ ಹಿಟ್ಟಿನಿಂದ ಮಾಡಿದ ಟೋರ್ಟಿಯಾ ಎಂಬ ತೆಳು ರೊಟ್ಟಿಯನ್ನು ಕೋಮಾಲ್ ಎಂಬ ಹೆಂಚಿನ ಮೇಲೆ ಬೇಯಿಸಿದರೆ ನಮ್ಮ ರೊಟ್ಟಿಯ ಹಾಗೆಯೇ ಉಬ್ಬುತ್ತದೆ.

ನಮ್ಮ ಮೇಜಿಗೆ ಕಸೂತಿಯ ಬಟ್ಟೆಯಲ್ಲಿ ಸುತ್ತಿ ತಂದ ಟೋರ್ಟಿಯಾಗಳ ಅಂಚು ಒಣಗಿತ್ತು, ನಡುಭಾಗ ಬೆವರಿತ್ತು. ಅಮ್ಮ ಒಂದನ್ನು ಎತ್ತಿ ಮಡಿಸಿದಳು. ಅದು ಮಡಿಕೆಯ ಉದ್ದಕ್ಕೂ ಸೀಳಿತು. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಅವಳದು. ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ‘ಇದು ನಿನ್ನೀದ ಐತಿ, ಬಿಸಿ ಮಾಡ್ಯಾರ’ ಎಂದಳು. ನಾಲ್ಕು ಟೋರ್ಟಿಯಾಕ್ಕೆ 8 ಡಾಲರ್ ಎಂಬುದನ್ನು ನಾನು ಅವಳಿಗೆ ಹೇಳಲಿಲ್ಲ.

ಅಪ್ಪನಿಗೆ ತರಿಸಿದ್ದು 34 ಡಾಲರಿನ, ಮೆನುವಿನಲ್ಲಿ ಎಲೆಯ ಗುರುತು ಇದ್ದ ಹೂಕೋಸಿನ ಮೋಲೆ. ಹಲವು ಬಗೆಯ ಒಣಮೆಣಸಿನಕಾಯಿ, ಎಳ್ಳು, ಬಾದಾಮಿ, ಮಸಾಲೆಗಳನ್ನು ಹುರಿದು ಅರೆದು, ಸ್ವಲ್ಪ ಚಾಕೊಲೇಟ್ ಬೆರೆಸಿ ಗಂಟೆಗಟ್ಟಲೆ ಕುದಿಸುವ ಗೊಜ್ಜದು. ಮಾಡುವ ರೀತಿ ಕೇಳಿದರೆ ನಮ್ಮ ಮಸಾಲೆಗಳ ನೆಂಟನೆನ್ನಿಸುತ್ತದೆ, ಆದರೆ ಅದನ್ನು ತೆಳುಮಾಡಲು ವಾಡಿಕೆಯಾಗಿ ಬಳಸುವುದು ಕೋಳಿಯ ಸಾರು. ಇದು ಗೊತ್ತಿದ್ದರಿಂದ ತಟ್ಟೆ ಬಂದಾಗ ಮತ್ತೊಮ್ಮೆ ಕೇಳಿದೆ. ಪರಿಚಾರಕ ಹಾಲು, ಮೊಟ್ಟೆ, ಶೇಂಗಾ, ಸೋಯಾ ಎಂದು ಅಲರ್ಜಿಯ ಪಟ್ಟಿಯನ್ನೆಲ್ಲ, 2023ರಿಂದ ಜಾರಿಗೆ ಬಂದ ಅಮೆರಿಕದ ಕಾನೂನು ಒಂಬತ್ತನೆಯದಾಗಿ ಸೇರಿಸಿದ ಎಳ್ಳಿನವರೆಗೂ, ತಡವರಿಸದೆ ಒಪ್ಪಿಸಿದ. ಸಾರಿನ ಬಗ್ಗೆ ಕೇಳಿದರೆ ‘ಇದು ಸಸ್ಯಾಹಾರ’ ಎಂದು ಮೆನುವಿನ ಎಲೆಯನ್ನು ತೋರಿಸಿದ. ಅಡುಗೆಮನೆಗೇ ಹೋಗಿ ಕೇಳಿ ಬನ್ನಿ ಎಂದು ಕಳಿಸಿದ ಮೇಲೆ ಹದಿನೈದು ನಿಮಿಷ ಆತನ ಸುಳಿವಿಲ್ಲ. ಮರಳಿ ಬಂದು, ಮೋಲೆಗೂ ಅನ್ನಕ್ಕೂ ಕೋಳಿಯ ಸಾರು ಹಾಕಿದ್ದಾರೆ, ‘ಆದರೆ ಒಳಗೆ ಮಾಂಸದ ತುಂಡುಗಳಿಲ್ಲ’ ಎಂದ. ಆತ ಬರುವುದರೊಳಗೆ, ತಣ್ಣಗಾಗುತ್ತದೆಂದು, ಅಪ್ಪ ಅರ್ಧ ತಟ್ಟೆ ಮುಗಿಸಿದ್ದರು. ಅವರು ಚಮಚ ಕೆಳಗಿಟ್ಟು ನೀರು ಕೇಳಿದರು. ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಭಾರತದಲ್ಲಿ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಗೆ ಕಾನೂನಿನ ಬಲವಿದೆ. ಅದನ್ನು ನೋಡಿ ಬೆಳೆದ ನಾವು ಯಾವ ಹಸಿರು ಗುರುತನ್ನು ಕಂಡರೂ ಅದೇ ಅರ್ಥ ಕೊಟ್ಟುಬಿಡುತ್ತೇವೆ. ಅಮೆರಿಕದ ಆಹಾರ ಇಲಾಖೆ ‘ಸಸ್ಯಾಹಾರಿ’ ಎಂಬ ಪದವನ್ನು ವ್ಯಾಖ್ಯಾನಿಸಿಯೇ ಇಲ್ಲ. ಮೆನುವಿನ ಎಲೆ ಅಲ್ಲಿಯವರು ಬರೆದ ಚಿತ್ರ, ಅಷ್ಟೆ.

ಬಿಲ್ಲಿನ ಕಥೆಯನ್ನೂ ಹೇಳಬೇಕು. ಮೋಲೆಯ 34 ಡಾಲರನ್ನು ಕಳೆದಿದ್ದೇವೆ ಎಂದು ಔದಾರ್ಯದಿಂದ ಹೇಳಿದರು. ಕಳೆದ ಮೇಲೆ ಊಟದ ಬೆಲೆ 240 ಡಾಲರ್. ಆದರೆ ಶೇಕಡಾ 20ರ ಕಡ್ಡಾಯ ಸೇವಾ ಶುಲ್ಕವನ್ನು ಮೋಲೆಯೂ ಸೇರಿದ 274 ಡಾಲರಿನ ಮೇಲೆ ಹಾಕಿದ್ದರು. 6 ಡಾಲರ್ 80 ಸೆಂಟುಗಳ ವ್ಯತ್ಯಾಸಕ್ಕೆ ಜಗಳವಾಡಿದ ನನ್ನನ್ನು ಪಕ್ಕದ ಮೇಜಿನವರು ವಿಚಿತ್ರವಾಗಿ ನೋಡಿದರು. ಸರಿಪಡಿಸಿದ ಮೇಲೂ ತೆರಿಗೆ ಸೇರಿ ಮೊತ್ತ 315 ಡಾಲರಿನ ಆಸುಪಾಸಿಗೆ ನಿಂತಿತು, ಏಕೆಂದರೆ ಕ್ಯಾಲಿಫೋರ್ನಿಯಾದಲ್ಲಿ ಕಡ್ಡಾಯ ಸೇವಾ ಶುಲ್ಕಕ್ಕೂ ಮಾರಾಟ ತೆರಿಗೆ ಬೀಳುತ್ತದೆ, ನಾವಾಗಿಯೇ ಕೊಡುವ ಟಿಪ್ಸಿಗೆ ಬೀಳುವುದಿಲ್ಲ. ಗುಪ್ತ ಶುಲ್ಕಗಳನ್ನು ನಿಷೇಧಿಸುವ ಈ ರಾಜ್ಯದ ಕಾನೂನು 2024ರ ಜುಲೈ 1ರಂದು ಜಾರಿಗೆ ಬಂದಿತಾದರೂ, ಮೆನುವಿನಲ್ಲಿ ಸ್ಪಷ್ಟವಾಗಿ ಕಾಣುವಂತೆ ಮುದ್ರಿಸಿದರೆ ರೆಸ್ಟೋರೆಂಟುಗಳು ಇಂಥ ಶುಲ್ಕ ಹಾಕಬಹುದೆಂಬ ವಿನಾಯಿತಿ ಕೊನೆಯ ಗಳಿಗೆಯಲ್ಲಿ ಸೇರಿಕೊಂಡಿತು. ಇಷ್ಟರ ಮೇಲೆ ಕಾರ್ಡ್ ಯಂತ್ರ 18, 20, 25 ಎಂದು ಮತ್ತೆ ಟಿಪ್ಸಿನ ಗುಂಡಿಗಳನ್ನು ತೋರಿಸಿತು. ಶುಲ್ಕ ಕೊಟ್ಟಿದ್ದೀರಾದರೆ ಅಲ್ಲಿ ಸೊನ್ನೆ ಒತ್ತಲು ಸಂಕೋಚಪಡಬೇಡಿ.

ಮೆಕ್ಸಿಕನ್ ಊಟವನ್ನೇ ಬಿಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯ ಹತ್ತಿರದ ಸಣ್ಣ ಟಾಕೊ ಅಂಗಡಿಯ ಹೆಂಗಸು ಮೊದಲ ದಿನವೇ ಅನ್ನದಲ್ಲಿ ಕೋಳಿಸಾರು ಇದೆ, ಕಾಳಿನಲ್ಲಿ ಹಂದಿಕೊಬ್ಬಿದೆ, ಎರಡೂ ಬೇಡ ಎಂದು ತಾನಾಗಿಯೇ ಹೇಳಿ, ಪಾಪಾಸುಕಳ್ಳಿಯ ಎಳೆ ಹಾಳೆಗಳನ್ನು ಬೇರೆ ಬಾಣಲೆಯಲ್ಲಿ ಹುರಿದು ಕೊಟ್ಟಿದ್ದಳು. ಹಾಗಾಗಿ ಎಲ್ಲೇ ಹೋಗಿ, ‘ಸಸ್ಯಾಹಾರವೇ?’ ಎಂದು ಕೇಳಬೇಡಿ. ಅದಕ್ಕೆ ಎಲ್ಲರೂ ಹೌದೆನ್ನುತ್ತಾರೆ. ಕಾಳಿನಲ್ಲಿ ಮಾಂತೆಕಾ, ಅಂದರೆ ಹಂದಿಕೊಬ್ಬು, ಇದೆಯೇ? ಅನ್ನಕ್ಕೂ ಮೋಲೆಗೂ ಕಾಲ್ದೊ ದೆ ಪೋಯೊ, ಅಂದರೆ ಕೋಳಿಸಾರು, ಹಾಕುತ್ತೀರಾ? ಲೋಟದ ಅಂಚಿನ ಉಪ್ಪು ಯಾವುದು? ಚೀಸಿಗಾಗಿ ಹಾಲು ಒಡೆಯಲು ಬಳಸುವ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ನಿಮಗೆ ಸಲ್ಲದಿದ್ದರೆ ಕೊತಿಹಾದಂಥ ಚೀಸುಗಳ ಬಗ್ಗೆಯೂ ವಿಚಾರಿಸಿ. ಫೋನಿನಲ್ಲಿ ಸಿಕ್ಕ ಭರವಸೆಯನ್ನು ನೆಚ್ಚದೆ, ಅಡುಗೆಮನೆಯಿಂದ ಉತ್ತರ ಬರುವವರೆಗೆ ಹಿರಿಯರ ಮುಂದೆ ತಟ್ಟೆ ಇಡಿಸಬೇಡಿ.

ನಾನು ಬರೆದ ಮಿಂಚಂಚೆಗೆ ಮೂರು ವಾರಗಳ ನಂತರ ಉತ್ತರವಾಗಿ 50 ಡಾಲರಿನ ಕೂಪನ್ ಬಂತು. ಸೋಮವಾರದಿಂದ ಬುಧವಾರದೊಳಗೆ, 200 ಡಾಲರಿಗೆ ಮೇಲ್ಪಟ್ಟ ಬಿಲ್ಲಿಗೆ ಮಾತ್ರ ಅದು ನಡೆಯುತ್ತದಂತೆ. ಅಮ್ಮ ಅದರ ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆದಿಟ್ಟು ಊರಿಗೆ ಹೋಗಿದ್ದಾಳೆ.