ಅಡುಗೆಮನೆಯ ಡಿಜಿಟಲ್ ತಕ್ಕಡಿ: ತಟ್ಟೆಗಿಂತ ಎಣ್ಣೆ ಬಾಟಲಿಗೇ ಜಾಸ್ತಿ ಉಪಯೋಗ

ಮನೆಯವರ ಊಟ ಸುಧಾರಿಸಬೇಕು ಅಂತ ಹೊರಟವರು ದುಬಾರಿ ಬ್ಲೆಂಡರ್, ಜ್ಯೂಸರ್ ಕಡೆ ನೋಡುತ್ತಾರೆ. ನನ್ನನ್ನು ಕೇಳಿದರೆ ಮೊದಲು ತಕ್ಕಡಿ ತನ್ನಿ. ನಾನು ಬಳಸುವುದು ಗಾಜಿನ ಹಲಗೆಯ ಸಾದಾ ಮಾದರಿ. 5 ಕೆಜಿವರೆಗೆ ತೂಗುತ್ತದೆ, 1 ಗ್ರಾಂ ವ್ಯತ್ಯಾಸವನ್ನೂ ತೋರಿಸುತ್ತದೆ.

ಇದರ ಬೆಲೆ ವಸೂಲಾಗುವುದು ಎಣ್ಣೆಯಲ್ಲಿ. ಬಾಟಲಿಯನ್ನೇ ಮೇಲಿಟ್ಟು ಟೇರ್ ಬಟನ್ ಒತ್ತಿ ಸೊನ್ನೆ ಮಾಡಿ. ಬಾಣಲೆಗೆ ಸುರಿದು, ಬಾಟಲಿ ವಾಪಸ್ ಇಡಿ. ಮೈನಸ್ 38 ಅಂತ ಬಂದರೆ 38 ಗ್ರಾಂ ಖರ್ಚಾಯಿತು ಅಂತ. ಚಮಚ ಜಿಡ್ಡಾಗುವ ತಾಪತ್ರಯವೇ ಇಲ್ಲ. ಎಣ್ಣೆ ಯಾವುದೇ ಇರಲಿ, ಗ್ರಾಂಗೆ ಸುಮಾರು 9 ಕ್ಯಾಲರಿ. ಸಕ್ಕರೆಗೆ 4. ಹೃದಯಕ್ಕೆ ಒಳ್ಳೆಯದು ಅಂತ ಧಾರಾಳವಾಗಿ ಸುರಿದರೂ ಈ ಲೆಕ್ಕ ಇಳಿಯುವುದಿಲ್ಲ. ನಮ್ಮ ಯಜಮಾನರು 'ಸ್ವಲ್ಪಾನೇ ಹಾಕಿದ್ದು' ಎಂದ ದಿನ ಮೈನಸ್ 61 ಬಂತು. ನಾನು ಬಾಯಿ ಬಿಡಲಿಲ್ಲ. ಮರುದಿನದಿಂದ ಅವರ ಕೈ ತಾನೇ ಹಿಡಿತಕ್ಕೆ ಬಂತು.

ಉಪ್ಪಿಗೆ ಮಾತ್ರ ಇದು ನೇರವಾಗಿ ಆಗುವುದಿಲ್ಲ. ಚಿಟಿಕೆ ಚಿಟಿಕೆಯಾಗಿ ಹಾಕಿದರೆ ಯಂತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಸೊನ್ನೆಯಲ್ಲೇ ಕೂತಿರುತ್ತದೆ. ಹಾಗಾಗಿ ನಾನು ಉಪ್ಪಿನ ಡಬ್ಬಿಯನ್ನೇ ವಾರಕ್ಕೊಮ್ಮೆ ತೂಗುತ್ತೇನೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ನಾಲ್ಕು ಜನ ದೊಡ್ಡವರಿರುವ ಮನೆಯಲ್ಲಿ 1 ಕೆಜಿ ಉಪ್ಪು ಕಡಿಮೆ ಅಂದರೂ 50 ದಿನ ಬರಬೇಕು. ಅದೂ ಬಿಸ್ಕತ್ತು, ಚಿಪ್ಸ್, ಸಾಸ್ ಯಾವುದೂ ಮನೆಗೆ ಬರದಿದ್ದರೆ! ಪ್ಯಾಕೆಟ್ ಮೇಲೆ ಸೋಡಿಯಂ ಅಂತಷ್ಟೇ ಬರೆದಿದ್ದರೆ ಎರಡೂವರೆಯಿಂದ ಗುಣಿಸಿ, ಉಪ್ಪಿನ ಲೆಕ್ಕ ಸಿಗುತ್ತದೆ. ನಮ್ಮ ಅತ್ತೆಗೆ ಬಿಪಿ ಇದೆ, ಹಾಗಾಗಿ ಈ ಗುಣಾಕಾರ ಈಗ ಅವರೇ ಮಾಡುತ್ತಾರೆ.

ಇನ್ನು ಪ್ಯಾಕೆಟ್‌ನಲ್ಲಿ ಬರೆಯುವ 'ಒಂದು ಸರ್ವಿಂಗ್'. ಬೆಳಗಿನ ಸೀರಿಯಲ್ ಡಬ್ಬಿಯಲ್ಲಿ ಅದು 30 ಗ್ರಾಂ. ನನ್ನ ಮಗ ಸುರಿದುಕೊಂಡಿದ್ದನ್ನು ತೂಗಿದೆ: 74. ಡಬ್ಬಿ ಹೇಳಿದ ಸಕ್ಕರೆಯ ಎರಡೂವರೆ ಪಟ್ಟು ಅವನ ಬಟ್ಟಲಲ್ಲೇ ಇತ್ತು. ಅವನಿಗೆ ಏನೂ ಅನ್ನಲಿಲ್ಲ, ಸುಮ್ನೆ ಚಿಕ್ಕ ಬಟ್ಟಲು ತಂದಿಟ್ಟೆ. ಮಕ್ಕಳ ತಟ್ಟೆಯನ್ನು ಅವರ ಎದುರಿಗೆ ತೂಗಬೇಡಿ, ದಯವಿಟ್ಟು. ಊಟಕ್ಕೆ ಕೂತಾಗ ಯಾರಿಗೂ ನಂಬರ್ ಕಾಣಬಾರದು. ತಕ್ಕಡಿ ಒಲೆಯ ಪಕ್ಕದ್ದು, ಊಟದ ಮೇಜಿನದ್ದಲ್ಲ.

ಜಾಸ್ತಿ ತಿನ್ನಲಿ ಅಂತ ತೂಗುವುದೂ ಒಂದಿದೆ. ಹಣ್ಣು, ತರಕಾರಿ ಸೇರಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ಆದರೂ ಬೇಕು, ಆಲೂಗಡ್ಡೆ ಇದರಲ್ಲಿ ಸೇರುವುದಿಲ್ಲ. ಹೆಚ್ಚಿಟ್ಟ ತರಕಾರಿಯ ಪಾತ್ರೆಯನ್ನು ಒಮ್ಮೆ ತೂಗಿ ನೋಡಿ. ನಮ್ಮದು ಅರ್ಧಕ್ಕೂ ಬರುತ್ತಿರಲಿಲ್ಲ.

ಕಿರಿಕಿರಿ ಇಲ್ಲದಿಲ್ಲ. ಎರಡು ನಿಮಿಷ ಮುಟ್ಟದಿದ್ದರೆ ತಾನೇ ಆಫ್ ಆಗುತ್ತದೆ, ಟೇರ್ ಮಾಡಿದ್ದೂ ಹೋಗುತ್ತದೆ. ಫೋನ್ ಬಂದರೆ ಮುಗಿಯಿತು, ಎಣ್ಣೆಯ ಲೆಕ್ಕ ಗೋವಿಂದ. ದೊಡ್ಡ ಪಾತ್ರೆ ಇಟ್ಟರೆ ನಂಬರೇ ಕಾಣುವುದಿಲ್ಲ, ಬಗ್ಗಿ ಇಣುಕಬೇಕು. ಗುಂಡಿಯಂಥ ಚಪ್ಪಟೆ ಸೆಲ್ ಬೇಗ ಖಾಲಿಯಾಗುತ್ತದೆ, ಬೇಕಾದಾಗ ಮನೆಯಲ್ಲಿ ಇರುವುದಿಲ್ಲ. ತೂಕ ಮಾತ್ರ ಸರಿಯಾಗಿದೆ: ಅಳತೆ ಜಾರ್‌ನಲ್ಲಿ ಅರ್ಧ ಲೀಟರ್ ನೀರು ಹಾಕಿದರೆ 500ರ ಆಸುಪಾಸೇ ತೋರಿಸುತ್ತದೆ. ನಿಮ್ಮದನ್ನೂ ಕೊಂಡ ದಿನವೇ ಹೀಗೆ ಪರೀಕ್ಷಿಸಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕೊಳ್ಳುವವರು ರಿಮೋಟ್‌ಗೆ ಹಾಕುವ ಸಾಮಾನ್ಯ ಸೆಲ್ ಹಿಡಿಯುವ, ಡಿಸ್‌ಪ್ಲೇ ಮುಂದಕ್ಕೆ ಎಳೆಯಲು ಬರುವ ಮಾದರಿ ಹುಡುಕಿ. ಆ್ಯಪ್‌ಗೆ ಜೋಡಿಸುವ ಮಾದರಿಗೆ ಜಾಸ್ತಿ ದುಡ್ಡು ಕೊಡುವುದು ನನಗಂತೂ ದಂಡ ಅನ್ನಿಸಿತು.