ಅಡಿ ರೇಟು ಕಡಿಮೆ ಅಂತ ಗ್ರಾನೈಟ್ ಬುಕ್ ಮಾಡಬೇಡಿ, ನಾನು ಮಾಡಿ ಕೆಟ್ಟೆ

ಅಡುಗೆಮನೆ ಕಟ್ಟೆಗೆ ಕಪ್ಪು ಗ್ರಾನೈಟ್ ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಇನ್ನೂ ಹೊಟ್ಟೆ ಉರಿಯುತ್ತಿದೆ.

ಮೂರು ಕಡೆ ರೇಟು ಕೇಳಿದ್ದೆ. ಎರಡು ಕಡೆ ಹೆಚ್ಚುಕಡಿಮೆ ಒಂದೇ. ಮೂರನೆಯವರದು ಕಾಲು ಭಾಗ ಕಡಿಮೆ. "ಅದೇ ಕಲ್ಲು ಮೇಡಂ, ಅವರು ಶೋರೂಮ್ ಬಾಡಿಗೆನ ನಿಮ್ಮ ತಲೆ ಮೇಲೆ ಹಾಕ್ತಾರೆ" ಅಂದರು. ನಂಬಿದೆ. ಎರಡನೇ ಅಂಗಡಿಯವರು ಅರ್ಧ ಗಂಟೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ದಪ್ಪ ಎಷ್ಟು, ಸ್ಲ್ಯಾಬ್ ಎಷ್ಟು ದೊಡ್ಡದು, ಕಪ್ಪು ಬಣ್ಣ ಕಲ್ಲಿನದ್ದೇ ಅಥವಾ ಹಾಕಿದ್ದಾ, ಅಂಚಿನ ಕೆಲಸ ರೇಟಿನಲ್ಲಿ ಸೇರಿದೆಯಾ, ಇದೆಲ್ಲ ನೋಡಿಕೊಂಡು ಹೋಲಿಸಿ ಅಂತ. ಜಾಸ್ತಿ ದುಡ್ಡು ಕೀಳೋಕೆ ಕಥೆ ಕಟ್ಟುತ್ತಿದ್ದಾರೆ ಅಂದುಕೊಂಡು ಎದ್ದು ಬಂದೆ. ಸರಿಯಾಗಿ ಹೇಳಿದವರನ್ನೇ ಅನುಮಾನಿಸಿದೆ. ಇದೇ ನನಗೆ ಹೆಚ್ಚು ಚುಚ್ಚುವುದು.

ಮೊದಲ ಪೆಟ್ಟು ಅಳತೆಯಲ್ಲಿ. ನಮ್ಮದು ಎಲ್ ಆಕಾರದ ಕಟ್ಟೆ. ಒಂದು ಕಡೆ 9 ಅಡಿ, ಇನ್ನೊಂದು ಕಡೆ 5 ಅಡಿ, ಅಗಲ 2 ಅಡಿ. ಅಂದರೆ 28 ಚದರ ಅಡಿ. ಬಿಲ್‌ನಲ್ಲಿ 44! ಕೇಳಿದರೆ, "ಸ್ಲ್ಯಾಬ್ ಲೆಕ್ಕ ಮೇಡಂ, ಪೂರ್ತಿ ಸ್ಲ್ಯಾಬ್‌ಗೆ ದುಡ್ಡು. ಎಲ್ಲರೂ ಹೀಗೇ ಮಾಡೋದು." ಎಲ್ಲರೂ ಮಾಡುವುದಿಲ್ಲ. ಉಳಿದ ಇಬ್ಬರೂ ಹಾಕಿದ ಕಟ್ಟೆಯ ಅಳತೆಗೆ ಮಾತ್ರ ರೇಟು ಹೇಳಿದ್ದರು. ನಾನೇ ಅದನ್ನು ಗಮನಿಸಲಿಲ್ಲ. ರೇಟು ಕಾಲು ಭಾಗ ಕಡಿಮೆ, ಅಳತೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಲೆಕ್ಕ ಅಲ್ಲೇ ತಲೆಕೆಳಗಾಯಿತು.

ಅವರು ತಂದದ್ದು ಆರೂವರೆ ಅಡಿಯ ಸಣ್ಣ ಸ್ಲ್ಯಾಬ್‌ಗಳು. ಕಟರ್ ಸೈಜ್ ಅಂತಾರೆ. ಇವು ಸಾಮಾನ್ಯವಾಗಿ ಅಗ್ಗ. ಗ್ಯಾಂಗ್‌ಸಾ ಅನ್ನುವ ದೊಡ್ಡ ಗರಗಸದ ಯಂತ್ರದಲ್ಲಿ ಕುಯ್ದ ದೊಡ್ಡ ಸ್ಲ್ಯಾಬ್ ಆಗಿದ್ದರೆ 9 ಅಡಿ ಒಂದೇ ತುಂಡಿನಲ್ಲಿ ಬರುತ್ತಿತ್ತು, ಮೂಲೆಯಲ್ಲಿ ಒಂದೇ ಜಾಯಿಂಟ್. ನಮಗೆ ಮೂರು ಸ್ಲ್ಯಾಬ್, ಎರಡು ಜಾಯಿಂಟ್. ಒಂದು ಜಾಯಿಂಟ್ ಸರಿಯಾಗಿ ಸಿಂಕ್ ಪಕ್ಕದಲ್ಲೇ, ದಿನವೂ ನೀರು ನಿಲ್ಲುವ ಜಾಗದಲ್ಲಿ. ಉಳಿದ ತುಂಡುಗಳಿಗೂ ನಾನೇ ದುಡ್ಡು ಕೊಟ್ಟಿದ್ದೆ ತಾನೇ? ಅವನ್ನೂ ಗಾಡಿಗೆ ಹಾಕಿಕೊಂಡು ಹೋದರು.

ಆಮೇಲೆ ಒಂದೊಂದಾಗಿ ಬಂತು. ಅಂಚಿನ ಮೋಲ್ಡಿಂಗ್, ಅಂದರೆ ಅಂಚನ್ನು ನಯವಾಗಿ ರೂಪಿಸುವ ಕೆಲಸ, ರನ್ನಿಂಗ್ ಅಡಿಗೆ (ಉದ್ದದ ಲೆಕ್ಕಕ್ಕೆ) ಬೇರೆ. ಸಿಂಕ್ ಕಟಿಂಗ್ ಬೇರೆ, ಒಲೆಯ ಕಟಿಂಗ್ ಬೇರೆ, ನಲ್ಲಿಯ ತೂತು ಬೇರೆ, ಲೋಡಿಂಗ್ ಬೇರೆ. ಸಿಂಕ್‌ಗಾಗಿ ಕತ್ತರಿಸಿ ತೆಗೆದ ಕಲ್ಲಿಗೂ ದುಡ್ಡು, ಕತ್ತರಿಸಿದ್ದಕ್ಕೂ ದುಡ್ಡು. ಕೊನೆಗೆ ಕೊಟ್ಟದ್ದು ಎರಡನೇ ಅಂಗಡಿಯವರು ಎಲ್ಲ ಸೇರಿಸಿ ಹೇಳಿದ್ದಕ್ಕಿಂತ ಜಾಸ್ತಿ.

ಇಷ್ಟಕ್ಕೇ ಮುಗಿದಿದ್ದರೆ ಹಾಳಾಗಿ ಹೋಗಲಿ ಅಂತ ಸುಮ್ಮನಿರುತ್ತಿದ್ದೆ.

ಎರಡು ತಿಂಗಳಾಗಿರಬೇಕು. ಸಿಂಕ್ ಸುತ್ತ ಕಲ್ಲು ಬೂದು ಬಣ್ಣಕ್ಕೆ ತಿರುಗಿತ್ತು. ಸಾಬೂನಿನ ಕಲೆ ಇರಬೇಕು ಅಂತ ತಿಕ್ಕಿದೆ. ತಿಕ್ಕಿದಷ್ಟೂ ಬಿಳುಚಿಕೊಂಡಿತು. ನೇಲ್ ಪಾಲಿಶ್ ತೆಗೆಯುವ ದ್ರವ ಇತ್ತಲ್ಲ, ಅಸಿಟೋನ್ ಇರುವಂಥದ್ದು, ಅದನ್ನು ಬಿಳಿ ಬಟ್ಟೆಗೆ ಹಾಕಿ ಮೂಲೆಯಲ್ಲಿ ಉಜ್ಜಿದೆ. ಬಟ್ಟೆ ಕಪ್ಪಾಯಿತು. ಇನ್ನೊಂದು ಜಾಗದಲ್ಲಿ ಉಜ್ಜಿದೆ. ಮತ್ತೆ ಕಪ್ಪು. ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಎರಡನೇ ಅಂಗಡಿಯವರು ಕೊಟ್ಟ ಸ್ಯಾಂಪಲ್ ತುಂಡು ಮನೆಯಲ್ಲೇ ಇತ್ತು. ಅದರ ಮೇಲೂ ಉಜ್ಜಿ ನೋಡಿದೆ. ಬಟ್ಟೆ ಬಿಳಿಯಾಗಿಯೇ ಇತ್ತು.

ನಲ್ಲಿಗೆ ತೂತು ಕೊರೆದಾಗ ಬಿದ್ದ ದುಂಡು ತುಂಡನ್ನು ನನ್ನ ಮಗ ಎತ್ತಿಟ್ಟುಕೊಂಡಿದ್ದ. ಅದನ್ನು ಸುತ್ತಿಗೆಯಿಂದ ಒಡೆದೆ. ಮೇಲೆ ಮಾತ್ರ ಕಪ್ಪು, ಒಳಗೆಲ್ಲ ಬೂದು. ಬೂದು ಗ್ರಾನೈಟ್‌ಗೆ ಬಣ್ಣ ಕುಡಿಸಿ ಕಪ್ಪು ಅಂತ ಮಾರಿದ್ದಾರೆ. ನಿಜವಾದ ಕಪ್ಪು ಕಲ್ಲು ಗ್ಯಾಬ್ರೊ, ಡಾಲರೈಟ್ ಜಾತಿಯದು. ಒಡೆದರೂ ಒಳಗೆ ಕಪ್ಪಾಗಿಯೇ ಇರುತ್ತದೆ. ಈ ಕುಡಿಸಿದ ಬಣ್ಣ ಸಾಬೂನು, ಹುಳಿ, ಉಜ್ಜುವಿಕೆಗೆ ಬಿಟ್ಟುಕೊಳ್ಳುತ್ತಾ ಹೋಗುತ್ತದೆ.

ಫೋನ್ ಮಾಡಿದೆ. "ಅದು ಪಾಲಿಶ್ ಮೇಡಂ, ಮೊದಮೊದಲು ಬಿಡುತ್ತೆ." ಪಾಲಿಶ್ ಆದರೆ ಕಲ್ಲಿನ ಒಳಗೆ ಯಾಕೆ ಬೂದು ಅಂದೆ. "ನೈಸರ್ಗಿಕ ಕಲ್ಲು ಅಲ್ವಾ, ಒಂದೊಂದು ಒಂದೊಂದು ಥರ ಇರುತ್ತೆ." ಫೋಟೋ ಕಳಿಸಿದೆ. "ನೀವೇ ನೋಡಿ ಆರಿಸಿದ್ರಿ, ಈಗ ಹೀಗಂದ್ರೆ ಹೇಗೆ?" ನಾನು ಆರಿಸಿದ್ದು ಅಂಗಡಿಯ ಸ್ಯಾಂಪಲ್. ಮನೆಗೆ ಬಂದ ಸ್ಲ್ಯಾಬ್ ಅಲ್ಲ! ಇದನ್ನು ಮೂರು ಸಲ ಹೇಳಿದೆ. ಮೂರು ಸಲವೂ ಅದೇ ಉತ್ತರ, ನೀವೇ ನೋಡಿ ಆರಿಸಿದ್ರಿ.

ದಪ್ಪದ ವಿಷಯ ಗೊತ್ತಾಗಿದ್ದು ಆಮೇಲೆ. ಸಿಂಕ್ ಮುಂದಿನ ಕಿರಿದಾದ ಪಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು. ಬಗ್ಗಿ ಕೆಳಗೆ ಕೈ ಹಾಕಿ ನೋಡಿದರೆ ಕಲ್ಲು ಇದ್ದಿದ್ದು 15 ಮಿಲಿಮೀಟರ್. ಅಂಗಡಿಯಲ್ಲಿ ತೋರಿಸಿದ್ದು 20. ಮುಂದಿನ ಅಂಚಿಗೆ ಅಡಿಯಲ್ಲಿ ಇನ್ನೊಂದು ಪಟ್ಟಿ ಅಂಟಿಸಿದ್ದರಿಂದ ಎದುರಿಗೆ ನೋಡುವವರಿಗೆ ಭಾರಿ ದಪ್ಪ ಕಾಣುತ್ತದೆ. ಹಾಗೆ ಅಂಟಿಸುವುದು ಎಲ್ಲ ಕಡೆ ಇರುವ ಪದ್ಧತಿಯೇ, ಅದು ತಪ್ಪಲ್ಲ. ಅದರ ಮರೆಯಲ್ಲಿ ತೆಳು ಕಲ್ಲು ಹಾಕಿದ್ದು ಮೋಸ. "15 ಸಾಕು ಮೇಡಂ, ಅದರ ಮೇಲೆ ನೀವೇನು ನಿಲ್ತೀರಾ?" ಅಂದರು. ಆಗ ಬಂದ ಸಿಟ್ಟು ಈಗಲೂ ಇಳಿದಿಲ್ಲ.

ಅದಕ್ಕೇ ಹೇಳುವುದು, ರೇಟು ಕೇಳುವಾಗ ಅಡಿಗೆ ಎಷ್ಟು ಅಂತ ಮಾತ್ರ ಕೇಳಬೇಡಿ. ಕಟ್ಟೆಯ ಅಳತೆಗೋ ಸ್ಲ್ಯಾಬ್ ಅಳತೆಗೋ, ಎಷ್ಟು ಮಿಲಿಮೀಟರ್, ಕಟಿಂಗ್ ಮೋಲ್ಡಿಂಗ್ ಸೇರಿ ಒಟ್ಟು ಎಷ್ಟು, ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಎದ್ದು ಬನ್ನಿ. ನಿಮ್ಮ ಸ್ಲ್ಯಾಬ್‌ನ ಹಿಂಬದಿ ನಿಮ್ಮ ಸಹಿ ಹಾಕಿ, ಫೋಟೋ ತೆಗೆದುಕೊಳ್ಳಿ. ಬಿಳಿ ಬಟ್ಟೆ, ಅಸಿಟೋನ್ ಜೊತೆಗೆ ಒಯ್ಯಿರಿ. ಉಜ್ಜಲು ಬಿಡದವರ ಹತ್ತಿರ ಕಪ್ಪು ಕಲ್ಲು ತೆಗೆದುಕೊಳ್ಳಲೇಬೇಡಿ. ಗಾಡಿಯಿಂದ ಇಳಿಸುವ ಮೊದಲೇ ಟೇಪ್ ಹಿಡಿದು ದಪ್ಪ ನೋಡಿ. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ, ನಾನು ಕೊಟ್ಟುಬಿಟ್ಟಿದ್ದೆ.

ಕಳೆದ ವಾರ ಅವರೇ ಫೋನ್ ಮಾಡಿದ್ದರು. ಮತ್ತೆ ಬಣ್ಣ ಹೊಡೆದು ಪಾಲಿಶ್ ಮಾಡಿಕೊಡುತ್ತಾರಂತೆ, ಅಡಿಗೆ ಇಷ್ಟು ಅಂತ ರೇಟು ಹೇಳಿದರು. ಬೇಡ ಅಂದೆ. ಬಿರುಕು ಬಿಟ್ಟ ಕಡೆ ಕೆಳಗಿನಿಂದ ಆಧಾರ ಕೊಡಿಸಲು ಎರಡನೇ ಅಂಗಡಿಯವರನ್ನು ಕೇಳಿಕೊಂಡಿದ್ದೇನೆ. ಬಂದು ನೋಡುತ್ತೇನೆ ಅಂದಿದ್ದಾರೆ.